ಅತ್ತೆಯ ಮಾತು ಕಾಗದದಲ್ಲಿಲ್ಲ

ಪುಣೆಯ ಮಾರ್ಕೆಟ್ ಯಾರ್ಡಿಗೆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮೊದಲೇ ಹೋಗಬೇಕು. ತಡವಾದರೆ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ, ಒಳ್ಳೆಯ ಮೆಂತ್ಯೆ ಸೊಪ್ಪು ಸಿಗುವುದಿಲ್ಲ, ಕನ್ನಡವೂ ಸಿಗುವುದಿಲ್ಲ. ನಾನು ಹೋಗುವುದು ಮುಖ್ಯವಾಗಿ ಮೂರನೆಯದಕ್ಕೆ. ಲಾರಿಗಳು ಬಂದು ಚೀಲ ಇಳಿಯುವ ಹೊತ್ತಿನಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಮಾತು ಮರಾಠಿಯ ನಡುವೆ ಅಲ್ಲಲ್ಲಿ ಕೇಳಿಸುತ್ತದೆ. ವಾರವಿಡೀ ಆಫೀಸಿನಲ್ಲಿ ಇಂಗ್ಲಿಷು, ಸೊಸೈಟಿಯಲ್ಲಿ ಮರಾಠಿ, ಮಗಳೊಂದಿಗೆ ಮೂರೂ ಕಲಸಿದ ಒಂದು ಭಾಷೆ. ಭಾನುವಾರ ನಸುಕಿನಲ್ಲಿ ಯಾರೋ "ಏ ತಮ್ಮಾ, ಬಾಜೂಕ ಸರಿ" ಎಂದು ಬೈದರೂ ಹಿತವಾಗುತ್ತದೆ.

ಬಿಬ್ವೇವಾಡಿಯ ನಮ್ಮ ಮನೆಯಿಂದ ಯಾರ್ಡಿಗೆ ಹತ್ತು ನಿಮಿಷ. ಅಲ್ಲಿ ನಮ್ಮೂರಿನವರೇ ಆದ ಒಬ್ಬ ಹಮಾಲ ಇದ್ದಾರೆ. ವಯಸ್ಸು ಅರವತ್ತರ ಹತ್ತಿರ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಚೀಲಗಳು ಇಳಿದು ಮುಗಿದ ಮೇಲೆ ಚಹಾದ ಗಾಡಿಯ ಪಕ್ಕ ಅರ್ಧ ಗಂಟೆ ಕೂರುತ್ತೇವೆ. ಮಳೆ, ಭೀಮಾ ನದಿಯ ನೀರು, ಊರಲ್ಲಿ ಯಾರು ಸತ್ತರು, ಯಾರ ಮಗಳ ಮದುವೆ, ಇಷ್ಟೇ ಮಾತು. ಕಳೆದ ಜೂನ್‌ವರೆಗೂ ಅಷ್ಟೇ ಇತ್ತು.

ಜೂನ್ ಎರಡನೇ ವಾರ ಅಪ್ಪ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕಳಿಸಿದರು. ನಾನು ಮೀಟಿಂಗಿನಲ್ಲಿದ್ದೆ. ಮೊದಲು ಯಾರದೋ ಮದುವೆ ಪತ್ರಿಕೆ ಅಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಇಂಡಿ ಕೋರ್ಟಿನ ಸಮನ್ಸ್. ಫಿರ್ಯಾದಿಯ ಜಾಗದಲ್ಲಿ ನನ್ನ ಸೋದರತ್ತೆಯ ಹೆಸರು. ಪ್ರತಿವಾದಿಗಳ ಪಟ್ಟಿಯಲ್ಲಿ ಅಪ್ಪ, ತೀರಿಹೋದ ದೊಡ್ಡಪ್ಪನ ಇಬ್ಬರು ಮಕ್ಕಳು, ಕೊನೆಗೆ ನಾನು. ನನ್ನ ಹೆಸರಿನ ಮುಂದೆ ವಯಸ್ಸು, ಉದ್ಯೋಗ, ಹಾಲಿ ವಾಸ್ತವ್ಯ ಪುಣೆ. ಅರವತ್ತೆಂಟು ವರ್ಷದ ಅತ್ತೆ ತವರಿನ ಒಂಬತ್ತು ಎಕರೆಯಲ್ಲಿ ತನ್ನ ಪಾಲು ಕೇಳಿದ್ದಳು.

ಚಿಕ್ಕಂದಿನಲ್ಲಿ ಬೇಸಿಗೆ ರಜೆಯ ಅರ್ಧ ನಾನು ಕಳೆದದ್ದು ಅವಳ ಮನೆಯಲ್ಲಿ. ಎಂಸಿಎ ಸೇರಲು ಹಣ ಕಡಿಮೆ ಬಿದ್ದಾಗ ಕೊರಳಿನ ಸರ ಬಿಚ್ಚಿ ಅಪ್ಪನ ಕೈಗೆ ಕೊಟ್ಟವಳೂ ಅವಳೇ. ಅಂಥವಳು ನನ್ನನ್ನು ನಾಲ್ಕನೇ ಪ್ರತಿವಾದಿ ಮಾಡಿದಳಲ್ಲ ಎಂದು ಆ ದಿನ ಬಹಳ ನೊಂದೆ. ನೋವಿಗಿಂತ ಸಿಟ್ಟು ಹೆಚ್ಚಿತ್ತು ಎಂದರೆ ಸರಿ.

ಅಪ್ಪನ ವಾದ ಸರಳ. "ಪಾಲು ಆಗಿ ಮೂವತ್ತು ವರ್ಷ ಆತು. 1996ರಾಗ ದೈವ ಕೂಡಿ ವಾಟ್ನಿ ಮಾಡೇತಿ. ಛಾಪಾ ಕಾಗದದ ಮ್ಯಾಲ ಪಂಚರ ಸಹಿ ಅದಾವ. ಆಕೀನೂ ಹೆಬ್ಬಟ್ಟು ಒತ್ಯಾಳ. ಈಗ ಕೋರ್ಟು ಹತ್ತಿದ್ರ ಹೆಂಗ?"

ಬೆಂಗಳೂರು, ಮೈಸೂರು ಕಡೆಯ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ 'ದೈವ' ಎಂದರೆ ದೇವರು ಮಾತ್ರ ಅಲ್ಲ. ಊರಿನ ಹಿರಿಯರು ಗುಡಿಯ ಕಟ್ಟೆಯ ಮೇಲೆ ಸೇರಿ ಕೂತರೆ ಅದೂ ದೈವ. 'ದೈವ ಕೂಡಿಸು' ಎಂದರೆ ಊರನ್ನು ಸೇರಿಸು ಎಂದರ್ಥ. ದೈವ ಹೇಳಿದ್ದನ್ನು ಮೀರುವುದು ಎಂದರೆ ಊರನ್ನೂ ದೇವರನ್ನೂ ಒಟ್ಟಿಗೆ ಮೀರಿದ ಹಾಗೆ. ನ್ಯಾಯ ಎಂಬ ಪದಕ್ಕೂ ಹಳ್ಳಿಯಲ್ಲಿ ಎರಡು ಅರ್ಥ. ಅದು ತೀರ್ಪೂ ಹೌದು, ಜಗಳವೂ ಹೌದು. ಇಬ್ಬರ ನಡುವೆ 'ನ್ಯಾಯ ಬಿದ್ದೈತಿ' ಎನ್ನುತ್ತೇವೆ, ಅದನ್ನು ಹಿರಿಯರು 'ನ್ಯಾಯ ಮಾಡಿ' ಮುಗಿಸಿದರು ಎಂದೂ ಅನ್ನುತ್ತೇವೆ.

1996ರ ಆ ದಿನ ನನಗೆ ನೆನಪಿದೆ. ನನಗೆ ಒಂಬತ್ತು ವರ್ಷ. ಹಣಮಪ್ಪನ ಗುಡಿಯ ಕಟ್ಟೆ, ಬೇವಿನ ಮರ, ಬಿಳಿ ರುಮಾಲುಗಳು. ಮನೆಯಿಂದ ಸೂಸಲಾ ಮತ್ತು ಚಹಾ ಹೊತ್ತು ತರುವ ಕೆಲಸ ನನ್ನದು. ಒಬ್ಬ ಹಿರಿಯರು ನನ್ನ ಜೇಬಿಗೆ ಎಂಟಾಣೆ ಹಾಕಿದರು. ಸಂಜೆ ಅಪ್ಪ, ದೊಡ್ಡಪ್ಪ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಅಷ್ಟು ಜಮೀನು, ಒಂದು ಬಾವಿ, ಹನ್ನೆರಡು ಲಿಂಬೆ ಗಿಡ, ಎರಡು ಎತ್ತು ಒಂದೇ ದಿನದಲ್ಲಿ ಪಾಲಾದವು. ಒಂದು ಪೈಸೆ ಕೋರ್ಟು ಖರ್ಚಿಲ್ಲ. ನನ್ನ ತಲೆಯಲ್ಲಿ ಅದು ಒಂದು ಹಬ್ಬದ ಹಾಗೆ ಉಳಿದಿತ್ತು.

ಹೀಗಾಗಿ ನನ್ನ ಮೊದಲ ಯೋಚನೆ ಅಪ್ಪನದೇ ಆಗಿತ್ತು. ಮತ್ತೊಮ್ಮೆ ದೈವ ಕೂಡಿಸೋಣ. ಅತ್ತೆಗೆ ಏನಾದರೂ ಕೊಟ್ಟು, ತಿಳಿ ಹೇಳಿ, ಕೇಸು ಹಿಂದೆ ತೆಗೆಸೋಣ. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಈಗ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಅತ್ತಿ ಎಲ್ಲಿ ಕುಂತಿದ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ಸೂಸಲಾ, ರುಮಾಲು, ಎಂಟಾಣೆ ಎಲ್ಲ ನೆನಪಿದೆ. ಆ ಚಿತ್ರದಲ್ಲಿ ಅತ್ತೆ ಎಲ್ಲೂ ಇಲ್ಲ.

ಅವಳು ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಟ್ಟಳು. ಎಂ. ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್'. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಘುರ್ಯೆಯವರ ಕೈಕೆಳಗೆ, ಆಮೇಲೆ ಆಕ್ಸ್‌ಫರ್ಡಿನಲ್ಲಿ ಓದಿದವರು. 'ಪ್ರಬಲ ಜಾತಿ', 'ವೋಟ್ ಬ್ಯಾಂಕ್' ಎಂದು ನಾವು ದಿನಾ ಪತ್ರಿಕೆಯಲ್ಲಿ ಓದುವ ಪದಗಳ ಹಿಂದೆ ಇರುವುದು ಅವರ ಬರಹ. 1948ರಲ್ಲಿ ಅವರು ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿನ ಬದುಕನ್ನು ಬರೆದಿಟ್ಟುಕೊಂಡರು. ಆ ಹಳ್ಳಿಗೆ ರಾಮಪುರ ಎಂದು ಹೆಸರು ಬದಲಿಸಿ ಬರೆದರು. ಅವರು ಇಳಿದುಕೊಂಡದ್ದು ಊರ ಗೌಡರ ಎತ್ತಿನ ಮನೆಯಲ್ಲಿ.

ಆ ಪುಸ್ತಕದ ಹುಟ್ಟಿನ ಕತೆಯೇ ವಿಚಿತ್ರ. ಹದಿನೆಂಟು ವರ್ಷ ತಿದ್ದಿ, ವಿಂಗಡಿಸಿ, ಜೋಡಿಸಿಕೊಂಡಿದ್ದ ಟಿಪ್ಪಣಿಗಳನ್ನು ತೆಗೆದುಕೊಂಡು ಅವರು ಪುಸ್ತಕ ಬರೆಯಲೆಂದು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿದ್ದರು. 1970ರ ಏಪ್ರಿಲ್ 24ರಂದು ಅಲ್ಲಿ ಯಾರೋ ಬೆಂಕಿ ಹಚ್ಚಿದರು. ಆ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಬ್ಯಾಕಪ್ ಇದ್ದೂ ಇಲ್ಲದ ಹಾಗಾದ ಕತೆ ಕೇಳಿದರೆ ನಮ್ಮ ಕಸುಬಿನವರಿಗೆ ಮೈ ಜುಮ್ಮೆನ್ನುತ್ತದೆ. ಸಾಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಎಂದು ಹೇಳಿದರಂತೆ. ಹಾಗೆ ಬರೆದದ್ದು 1976ರಲ್ಲಿ ಪುಸ್ತಕವಾಗಿ ಬಂತು. ಹೆಸರಿನಲ್ಲಿರುವ ನೆನಪು ಅಲಂಕಾರಕ್ಕೆ ಬಂದದ್ದಲ್ಲ.

ಶ್ರೀನಿವಾಸರಿಗೆ ಹಳ್ಳಿಯ ಜಗಳಗಳ ಮೇಲೆ ವಿಶೇಷ ಆಸಕ್ತಿ. ಒಂದು ಅವಿಭಕ್ತ ಕುಟುಂಬದ ವ್ಯಾಜ್ಯದ ಬಗ್ಗೆ, ಅಗಸರ ಜಾತಿ ವ್ಯಾಜ್ಯದ ಬಗ್ಗೆ, ಒಬ್ಬ ಕುಂಬಾರ ಮತ್ತು ಒಬ್ಬ ಪೂಜಾರಿಯ ಪ್ರಕರಣದ ಬಗ್ಗೆ 1950ರ ದಶಕದಲ್ಲಿ ಬೇರೆ ಬೇರೆ ಲೇಖನಗಳನ್ನೇ ಬರೆದರು. ಜಗಳಗಳನ್ನು ಏಕೆ ಅಧ್ಯಯನ ಮಾಡಬೇಕು ಎಂಬುದನ್ನೇ ವಿಷಯ ಮಾಡಿಕೊಂಡ ಇನ್ನೊಂದು ಲೇಖನವೂ ಇದೆ. ಸುಮ್ಮನಿದ್ದ ದಿನ ಹಳ್ಳಿಯವರನ್ನು ನಿಮ್ಮ ಪದ್ಧತಿ ಏನು ಎಂದು ಕೇಳಿದರೆ ಪಾಠ ಒಪ್ಪಿಸಿದಂತೆ ಏನೋ ಹೇಳುತ್ತಾರೆ. ಜಗಳ ಬಿದ್ದ ದಿನ ಮಾತ್ರ ನಿಜವಾದ ಪದ್ಧತಿ ಹೊರಗೆ ಬರುತ್ತದೆ. ಅಜ್ಜನ ಕಾಲದಲ್ಲಿ ಯಾರು ಯಾರಿಗೆ ಏನು ಕೊಟ್ಟಿದ್ದರು, ಯಾವ ವರ್ಷ ಇಂಥದ್ದೇ ನ್ಯಾಯ ಹೇಗೆ ಮುಗಿದಿತ್ತು ಎಂದು ಹಳೆಯ ನೆನಪುಗಳು ಕೆದಕಿ ಬರುತ್ತವೆ. ಅಂಥ ಲೇಖನಗಳಿಂದ ನಾನು ತಿಳಿದುಕೊಂಡದ್ದು ಇದು.

ಇನ್ನೊಂದು ವಿಷಯ ನನಗೆ ನಮ್ಮೂರನ್ನೇ ತೋರಿಸಿದ ಹಾಗಿತ್ತು. ರಾಮಪುರದಲ್ಲಿ ನ್ಯಾಯ ಹೇಳುತ್ತಿದ್ದವರು ಹೆಚ್ಚು ಭೂಮಿಯಿದ್ದ ಒಕ್ಕಲಿಗ ಹಿರಿಯರು. ತಮ್ಮ ಜಾತಿಯವರಿಗಷ್ಟೇ ಅಲ್ಲ, ಉಳಿದ ಜಾತಿಗಳ ಜಗಳಗಳಿಗೂ ಅವರೇ ನ್ಯಾಯಾಧೀಶರು. ಜನ ಒಪ್ಪುತ್ತಿದ್ದರು, ಏಕೆಂದರೆ ಆ ಹಿರಿಯರಿಗೆ ಎಲ್ಲರ ಮೂರು ತಲೆಮಾರು ಗೊತ್ತು. ಒಪ್ಪದೇ ಬೇರೆ ದಾರಿಯೂ ಇರಲಿಲ್ಲ, ಏಕೆಂದರೆ ನಾಳೆ ಕೂಲಿ, ಸಾಲ, ಬೀಜ ಎಲ್ಲಕ್ಕೂ ಹೋಗಬೇಕಾದದ್ದು ಅವರ ಬಾಗಿಲಿಗೇ. ತಿಳಿವಳಿಕೆ ಮತ್ತು ಅಧಿಕಾರ ಎರಡೂ ಒಂದೇ ಕಟ್ಟೆಯ ಮೇಲೆ ಕೂತಿದ್ದವು. ಶ್ರೀನಿವಾಸರು ಪ್ರಾಮಾಣಿಕರು. ಮೇಲುಜಾತಿಯವರಾಗಿ, ಗೌಡರ ಅತಿಥಿಯಾಗಿ ಇದ್ದ ತಾವು ಹೆಂಗಸರ ಬಳಿ, ದಲಿತರ ಕೇರಿಯಲ್ಲಿ ಸರಾಗವಾಗಿ ಓಡಾಡಲಾಗಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅಂದರೆ ಸುಟ್ಟುಹೋದ ಟಿಪ್ಪಣಿಗಳಲ್ಲೂ ಕೆಲವರ ಮಾತು ಮೊದಲೇ ಕಡಿಮೆ ಇತ್ತು.

ಈ ಓದಿನ ನಡುವೆ ಇಂಡಿಯ ವಕೀಲರೊಂದಿಗೆ ಫೋನಿನಲ್ಲಿ ಮಾತಾಡಿದೆ. ಕಾಗದಗಳ ಫೋಟೋ ನೋಡಿ ಅವರು ಲೆಕ್ಕ ಬಿಡಿಸಿದರು. ಮುತ್ಯಾ ತೀರಿಕೊಂಡದ್ದು 1994ರಲ್ಲಿ. ಆಯಿ ಅದಕ್ಕೂ ಮೊದಲೇ ಹೋಗಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಒಂಬತ್ತು ಎಕರೆಯಲ್ಲಿ ಮುತ್ಯಾನದು ಮೂರು ಎಕರೆ, ಇಬ್ಬರು ಗಂಡುಮಕ್ಕಳದು ಮೂರು ಮೂರು. ಮುತ್ಯಾನ ಆ ಮೂರು ಎಕರೆಯಲ್ಲಿ ಮಗಳಿಗೂ ಸಮಪಾಲು, ಅಂದರೆ ಒಂದು ಎಕರೆ. ಇದು ದೈವ ಕೂಡಿದ ದಿನವೇ ಇದ್ದ ಕಾನೂನು. ಆಮೇಲೆ 2005ರ ತಿದ್ದುಪಡಿ ಬಂದು ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳಾದಳು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆ ಲೆಕ್ಕಕ್ಕೆ ಅತ್ತೆಯದು ಮೂರು ಎಕರೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲನ್ನು ಕಾನೂನು ಕೆದಕುವುದಿಲ್ಲ, ನಿಜ. ಆದರೆ ಆ ಪಾಲು ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿರಬೇಕು. ನಮ್ಮದು ಛಾಪಾ ಕಾಗದ, ಪಂಚರ ಸಹಿ, ಒಂದು ಹೆಬ್ಬಟ್ಟು.

"ಹಂಗಾದ್ರ ಸೋಲತೀವೇನ್ರಿ?" ಎಂದೆ.

"ಪಹಣಿ ನಿಮ್ಮ ಹೆಸರಿಲೆ ಐತಿ. ಹಳೇ ಪಾಲು ಖರೇ ಐತಿ ಅಂತ ಸಾಕ್ಷಿ ಕಟ್ಟೂಣು. ಗೆಲ್ಲೂದು ಬಿಡ್ರಿ, ಎಳಿಯಾಕಂತೂ ಬರತೈತಿ. ಹತ್ತು ವರ್ಷ, ಹದಿನೈದು ವರ್ಷ. ನಿಮ್ಮ ಅತ್ತಿಯವರಿಗೆ ಈಗ ಎಷ್ಟು ವಯಸ್ಸು?"

ಅವರು ಕೆಟ್ಟವರಲ್ಲ. ಕಕ್ಷಿದಾರನಿಗೆ ಅನುಕೂಲವಾದ ದಾರಿ ತೋರಿಸಿದರು, ಅಷ್ಟೇ. ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಲ್ಯಾಪ್‌ಟಾಪ್ ತೆರೆಯಲಾಗಲಿಲ್ಲ. ಅತ್ತೆಯ ವಯಸ್ಸು ನಮ್ಮ ಪಕ್ಷದ ಸಾಕ್ಷಿಯಾಗಿ ನಿಂತಿತ್ತು. ಅವಳು ಸಾಯುವುದನ್ನು ಕಾಯುವುದು ನಮ್ಮ ತಂತ್ರ ಎಂಬುದನ್ನು ನಾನು ಹಾಗೆ ಬಿಡಿಸಿ ಹೇಳಿಕೊಳ್ಳದೇ ಒಪ್ಪಿಬಿಡಬಹುದಿತ್ತು. ಪುಣೆಯಲ್ಲಿ ಕೂತವನಿಗೆ ಅದು ಸುಲಭ. ವಕಾಲತ್ತಿಗೆ ಸಹಿ ಹಾಕಿ ಕೊರಿಯರ್ ಮಾಡಿದರೆ ಮುಗಿಯಿತು.

ಹೆಂಡತಿ ಆಗ ಇನ್ನೊಂದು ಸಂಶೋಧನೆಯ ಬಗ್ಗೆ ಹೇಳಿದಳು. ಡೇವಿಡ್ ಎಂಗೆಲ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು ಉತ್ತರ ಥಾಯ್‌ಲ್ಯಾಂಡಿನ ಚಿಯಾಂಗ್ ಮಾಯ್ ಸುತ್ತ ದಶಕಗಟ್ಟಲೆ ವ್ಯಾಜ್ಯಗಳನ್ನು ಅಧ್ಯಯನ ಮಾಡಿ, ಪತ್ನಿ ಜರುವನ್ ಅವರೊಂದಿಗೆ 2010ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಲ್ಲಿ ಹಿಂದೆ ಯಾರಿಗಾದರೂ ಪೆಟ್ಟಾದರೆ ಅದು ಇಬ್ಬರ ನಡುವಿನ ವಿಷಯ ಆಗಿರಲಿಲ್ಲ. ಊರು ಕಾಯುವ ದೈವಗಳಿಗೆ ಅಪಚಾರವಾಯಿತು ಎಂದು ಲೆಕ್ಕ. ಪೆಟ್ಟು ಮಾಡಿದವನು ಶಾಂತಿ ಮಾಡಿಸಬೇಕು, ಖರ್ಚು ಕೊಡಬೇಕು, ಹಿರಿಯರು ಕೊಡಿಸುತ್ತಿದ್ದರು. ಆಮೇಲೆ ಜನ ಹಳ್ಳಿ ಬಿಟ್ಟು ಕಾರ್ಖಾನೆ, ನಗರ ಎಂದು ಹೊರಟರು. ಹೆದ್ದಾರಿಯಲ್ಲಿ ಗುರುತಿಲ್ಲದ ವಾಹನ ಗುದ್ದಿದರೆ ಯಾವ ಊರಿನ ದೈವಕ್ಕೆ ಹೇಳುವುದು? ಹಳೆಯ ವ್ಯವಸ್ಥೆ ಸಡಿಲವಾದ ಮೇಲೆ ಜನ ಕೋರ್ಟಿಗೆ ಹೋಗುವುದು ಹೆಚ್ಚಾಗಬೇಕಿತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ ಎಂಬುದು ಅವರು ಕಂಡುಕೊಂಡದ್ದು. ಬಹಳ ಜನ ಎರಡನ್ನೂ ಬಿಟ್ಟು, ಇದು ನನ್ನ ಕರ್ಮ, ಪರಿಹಾರ ಕೇಳಿದರೆ ಇನ್ನಷ್ಟು ಕರ್ಮ ಸುತ್ತಿಕೊಳ್ಳುತ್ತದೆ ಎಂದು ಸುಮ್ಮನಾದರು.

ದೈವ ಎಂಬ ನಮ್ಮ ಪದ ಅಷ್ಟು ದೂರದ ಊರಿನ ಕತೆಯಲ್ಲಿ ಸಿಕ್ಕಿದ್ದು ಕಂಡು ಬೆರಗಾದೆ. ಅತ್ತೆಯೂ ಮೂವತ್ತು ವರ್ಷ ಸುಮ್ಮನಿದ್ದಳಲ್ಲ ಎಂಬುದು ಅದರ ಬೆನ್ನಿಗೇ ಹೊಳೆಯಿತು. ನಾವು ಅದನ್ನು ಒಪ್ಪಿಗೆ ಅಂದುಕೊಂಡಿದ್ದೆವು.

ಮುಂದಿನ ಭಾನುವಾರ ಯಾರ್ಡಿನಲ್ಲಿ ಕಾಕಾಗೆ ಕೇಸಿನ ವಿಷಯ ಹೇಳಿದೆ. ಪಕ್ಕದ ಗಾಳೆಯಲ್ಲಿ ಲಿಂಬೆಹಣ್ಣಿನ ಚೀಲ ಸುರಿಯುತ್ತಿದ್ದರು. ಆ ಘಮ ಮೂಗಿಗೆ ಬಡಿದರೆ ನನಗೆ ನಮ್ಮ ಹೊಲದ ಬಾವಿ ಕಣ್ಣಿಗೆ ಬರುತ್ತದೆ. ಕಾಕಾ ಚಹಾ ಊದಿಕೊಂಡು ಕುಡಿಯುತ್ತಾ ಎಲ್ಲ ಕೇಳಿದರು.

"ಆ ದಿನ ನಾನೂ ಅಲ್ಲೇ ಇದ್ದೆ, ತಮ್ಮಾ."

ಇದ್ದೇ ಇರಬೇಕು. ಅವರು ಆಗ ಮುತ್ಯಾನ ಹೊಲದಲ್ಲಿ ವರ್ಷದ ಆಳು. ಆ ಪಾಲಾದ ಎರಡು ವರ್ಷಕ್ಕೆ ಪುಣೆಗೆ ಬಂದವರು. ಇಷ್ಟು ವರ್ಷ ಜೊತೆಗೆ ಚಹಾ ಕುಡಿದರೂ ಅವರು ಆ ದಿನ ಅಲ್ಲಿದ್ದಿರಬಹುದು ಎಂದು ನನಗೆ ಹೊಳೆದಿರಲಿಲ್ಲ.

"ನಮ್ಮ ಮಂದಿ ಕಟ್ಟಿ ಮ್ಯಾಲ ಕುಂಡರೂ ಹಂಗಿರಲಿಲ್ಲ. ಕೆಳಗ, ಬೇವಿನ ಗಿಡದ ಆ ಕಡೆ ಕುಂತಿದ್ವಿ. ನಿಮ್ಮ ಅತ್ತಿನೂ ಅಲ್ಲೇ ನಮ್ಮ ಹತ್ರ ನಿಂತಿದ್ಲು, ಸೆರಗು ಹೊದ್ಕೊಂಡು. ಪಾಲು ಓದಿದ್ರು. ಹಿರ್ಯಾಗ ಇಷ್ಟು, ಕಿರ್ಯಾಗ ಇಷ್ಟು. ಆಕಿ ಅಲ್ಲಿಂದನ ಅಂದ್ಲು, 'ಯಪ್ಪಾ, ನಮ್ಮಪ್ಪನ ಹೊಲದಾಗ ನನಗೂ ಒಂದು ಎಕರೆ ಬರೀರಿ.' ಒಮ್ಮೆ ಅಂದ್ಲು. ಯಾರೂ ತಿರುಗಿ ನೋಡ್ಲಿಲ್ಲ. ಮತ್ತೊಮ್ಮೆ ಅಂದ್ಲು. ಒಬ್ಬ ಹಿರ್ಯಾ ನಕ್ಕ. 'ಹೆಣ್ಮಕ್ಕಳು ದೈವದಾಗ ಮಾತಾಡಬಾರ್ದು ತಂಗಿ, ನಿನಗ ಸೀರಿ, ಅರಿಷಿಣ ಕುಂಕುಮ ತಪ್ಪೂದಿಲ್ಲ' ಅಂದ. ಆಮ್ಯಾಲ ಕರದು ಹೆಬ್ಬಟ್ಟು ಒತ್ತಿಸಿದ್ರು."

"ಅಪ್ಪ ಏನಂದ್ರು?"

ಕಾಕಾ ಸ್ವಲ್ಪ ಹೊತ್ತು ಲೋಟ ತಿರುಗಿಸಿದರು. "ನಿಮ್ಮಪ್ಪ ಕೆಳಗ ನೋಡ್ಕೋತ ಕುಂತಿದ್ರು."

ಒಂದು ಎಕರೆ. ವಕೀಲರು ಕಾಯ್ದೆ ತೆಗೆದು ಲೆಕ್ಕ ಹಾಕಿ ಹೇಳಿದ್ದೂ ಅದೇ ಒಂದು ಎಕರೆ. ಸಹಿ ಮಾಡಲು ಬಾರದ ಅತ್ತೆ ಆ ದಿನ ಕೇಳಿದ್ದು ಕಾನೂನು ಕೊಟ್ಟದ್ದಕ್ಕಿಂತ ಒಂದು ಗುಂಟೆಯೂ ಹೆಚ್ಚಿಲ್ಲ. ಕಟ್ಟೆಯ ಮೇಲಿದ್ದವರು ಬರೆದ ಕಾಗದದಲ್ಲಿ ಆ ಮಾತಿಲ್ಲ. ಸೂಸಲಾ ಹೊತ್ತು ಓಡಾಡಿದ ನನ್ನ ನೆನಪಿನಲ್ಲೂ ಇಲ್ಲ. ಅದು ಉಳಿದದ್ದು ಕಟ್ಟೆಯ ಕೆಳಗೆ ಕೂತವರ ನೆನಪಿನಲ್ಲಿ.

ಇನ್ನೊಂದು ಸಂಗತಿಯನ್ನೂ ಬರೆದುಬಿಡುತ್ತೇನೆ. ಪುಣೆಯಲ್ಲಿ ನಾನು ಅವರನ್ನು ಕಾಕಾ ಎಂದು ಕರೆದು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತೇನೆ. ಊರಿನಲ್ಲೇ ಉಳಿದಿದ್ದರೆ ಹಾಗೆ ಮಾಡುತ್ತಿದ್ದೆನೇ? ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ. ಹೊರನಾಡಿಗೆ ಬಂದವರು ನಾವು ಊರಿನ ಕಟ್ಟೆಯನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ಆ ಕಟ್ಟೆಯಿಂದ ದೂರ ಬಂದಿದ್ದಕ್ಕೇ ಈ ಚಹಾ ಸಾಧ್ಯವಾಯಿತು ಎಂಬುದು ಮರೆತುಹೋಗುತ್ತದೆ.

ಕಾಕಾ ತಮ್ಮದೇ ಒಂದು ಹಳೆಯ ನ್ಯಾಯದ ಕತೆಯನ್ನೂ ಆ ದಿನ ಹೇಳಿದರು. ಪುಣೆಗೆ ಬಂದ ಹೊಸದರಲ್ಲಿ ಚೀಲ ಜಾರಿ ಕಾಲ ಮೇಲೆ ಬಿದ್ದು ಮೂರು ವಾರ ಮಲಗಿದ್ದರು. ಅಂಗಡಿಯವರು ಹಿಂದಿನ ಹಮಾಲಿಯ ಲೆಕ್ಕವನ್ನೂ ಮುರಿದುಕೊಂಡರು. ಊರಿನ ಹಿರಿಯರು ಇಲ್ಲಿಲ್ಲ. ಪೊಲೀಸರೆಂದರೆ ಭಯ, ಮರಾಠಿಯೂ ಅಷ್ಟು ಬಾರದು. ಜೊತೆಗಾರರು ಹಮಾಲ್ ಪಂಚಾಯತಿಗೆ ಕರೆದುಕೊಂಡು ಹೋದರು. ವೈದ್ಯರಾಗಿದ್ದ ಬಾಬಾ ಆಢಾವ್ ಅವರ ಮುಂದಾಳತ್ವದಲ್ಲಿ 1950ರ ದಶಕದಲ್ಲಿ ಪುಣೆಯ ಹಮಾಲರು ಕಟ್ಟಿಕೊಂಡ ಸಂಘಟನೆ ಅದು. ಹಮಾಲರಂಥ ಶ್ರಮಜೀವಿಗಳಿಗಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆಯೂ ಬಂದಿದೆ. ಪಂಚಾಯತಿಯ ಇಬ್ಬರು ಬಂದು ಅಂಗಡಿಯವರ ಮುಂದೆ ಲೆಕ್ಕದ ಪುಸ್ತಕ ತೆರೆಸಿ ಕೂತರು. ಎರಡೇ ದಿನದಲ್ಲಿ ದುಡ್ಡು ಬಂತಂತೆ.

"ಇದೂ ದೈವನ, ತಮ್ಮಾ," ಎಂದರು ಕಾಕಾ. "ಆದ್ರ ಈ ದೈವದಾಗ ನಾವೂ ಮ್ಯಾಲ ಕುಂಡರತೀವಿ."

ಸಂಘಕ್ಕೆ ಪಂಚಾಯತ್ ಎಂದೇ ಹೆಸರಿಟ್ಟಿದ್ದನ್ನು ಅದುವರೆಗೆ ನಾನು ಗಮನಿಸಿರಲಿಲ್ಲ. 1993ರಲ್ಲಿ ಇದೇ ಪುಣೆಯಲ್ಲಿ ಕಸ ಆಯುವವರು ಕಟ್ಟಿಕೊಂಡ ಸಂಘದ ಹೆಸರೂ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. ಅದರ ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. ಹಳ್ಳಿಯ ಕಟ್ಟೆಯಲ್ಲಿ ಬಾಯಿ ತೆರೆಯಬಾರದಾಗಿದ್ದವರು ನಗರಕ್ಕೆ ಬಂದು ಆ ಪದವನ್ನು ತಮ್ಮದು ಮಾಡಿಕೊಂಡಿದ್ದಾರೆ. ಊರು ಬಿಟ್ಟವರೆಲ್ಲ ಕರ್ಮ ಎಂದು ಕೈಚೆಲ್ಲಲಿಲ್ಲ, ಕೆಲವರು ಹೊಸ ಕಟ್ಟೆ ಕಟ್ಟಿಕೊಂಡರು. ಚಿಯಾಂಗ್ ಮಾಯ್‌ನ ಕತೆಯ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಬೇಕು ಎನಿಸಿತು.

ಆ ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಸಮನ್ಸ್ ಬಂದ ಮೇಲೆ ಮೊದಲ ಸಲ. ಮೂರು ರಿಂಗಿಗೆ ಎತ್ತಿದಳು. ಇಬ್ಬರೂ ಸ್ವಲ್ಪ ಹೊತ್ತು ಮಳೆಯ ಬಗ್ಗೆ ಮಾತಾಡಿದೆವು. ಆಮೇಲೆ ನಾನೇ ಕೇಳಿದೆ, ಬೇವಿನ ಗಿಡದ ಹತ್ತಿರ ನಿಂತು ಒಂದು ಎಕರೆ ಕೇಳಿದ್ದು ಹೌದೇ ಎಂದು.

ಆ ಕಡೆ ಬಹಳ ಹೊತ್ತು ಸದ್ದಿಲ್ಲ. "ಯಾರು ಹೇಳಿದ್ರು ನಿನಗ?"

ಹೇಳಿದೆ.

"ಆ ಮನಿಷ್ಯಾಗ ನೆನಪೈತೇನು! ನಾನೊಬ್ಬಾಕೀನ ಅಂದ್ಕೊಂಡಿದ್ದೆ."

ಅತ್ತೆ ಅಳುತ್ತಾಳೆ, ನನಗೆ ಹೊಲ ಬೇಡ, ನಿಮ್ಮ ಪ್ರೀತಿ ಸಾಕು ಅನ್ನುತ್ತಾಳೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನು ಕಾದಿದ್ದೆ. ಸಿನಿಮಾಗಳಲ್ಲಿ ಹಾಗೇ ಆಗುತ್ತದೆ. ಅತ್ತೆ ಹಾಗೆ ಅನ್ನಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಮನೆಯಲ್ಲಿ ಔಷಧಿಗೆ ಕೈಚಾಚುವುದು, ಗಂಡ ಬಿಟ್ಟುಬಂದ ಮಗಳಿಗೆ ನಿಲ್ಲಲು ನೆಲ ಇಲ್ಲದ್ದು, ಎಲ್ಲವನ್ನೂ ಲೆಕ್ಕದಂತೆ ಹೇಳಿದಳು. "ಸೀರಿ ಬ್ಯಾಡ, ಮಗಾ. ಮೂವತ್ತು ವರ್ಷ ಸೀರಿ ಉಟ್ಟೀನಿ. ನನಗ ನನ್ನ ಪಾಲು ಬೇಕು. ಅವತ್ತು ಒಂದು ಎಕರೆ ಕೇಳಿದ್ದೆ, ಕೊಡ್ಲಿಲ್ಲ. ಈಗ ಕಾಯ್ದೆ ಎಷ್ಟು ಕೊಡತೈತೋ ಅಷ್ಟು." ಕೊನೆಗೆ, "ನಿನ್ನ ಹೆಸರು ಯಾಕ ಹಾಕ್ಸಿದಿ ಅಂತ ವಕೀಲರಿಗೆ ಬೈದೀನಿ. ಹಾಕಾಕಬೇಕು ಅಂದ್ರು" ಎಂದಳು.

ಅವಳು ಹೇಳಿದ್ದನ್ನು ಆ ರಾತ್ರಿಯೇ ಫೋನಿನ ನೋಟ್ಸಿನಲ್ಲಿ ಅವಳ ಮಾತಿನಲ್ಲೇ ಬರೆದಿಟ್ಟೆ. ಕಾಕಾ ಹೇಳಿದ್ದನ್ನೂ. ತಾರೀಖು ಹಾಕಿದೆ. ಮಾನವಶಾಸ್ತ್ರಜ್ಞನಾಗುವ ಆಸೆಯಿಂದಲ್ಲ. ನಾಳೆ ನನ್ನ ಮಗಳು ಅದೇ ಪ್ರಶ್ನೆ ಕೇಳಿದರೆ, ಅತ್ತಿ ಎಲ್ಲಿ ಕುಂತಿದ್ದಳು ಎಂದರೆ, ಕಾಗದದಲ್ಲಿ ಉತ್ತರ ಇರಬೇಕು.

ಈಗ ನಾನು ಅಪ್ಪನ ಮುಂದೆ ಇಟ್ಟಿರುವುದು ಇಷ್ಟು. ಕೇಸು ಎಳೆಯುವುದು ಬೇಡ. ನಮ್ಮ ನಾಲ್ಕೂವರೆ ಎಕರೆಯಿಂದ ಒಂದೂವರೆ ಎಕರೆ ಅತ್ತೆಗೆ ಬಿಡೋಣ, ಬಾವಿಯ ನೀರಿನ ಹಕ್ಕಿನ ಸಮೇತ. ದೊಡ್ಡಪ್ಪನ ಮಕ್ಕಳೂ ಅಷ್ಟೇ ಬಿಟ್ಟರೆ ಅವಳ ಮೂರು ಎಕರೆ ಆಗುತ್ತದೆ. ಎಲ್ಲರೂ ಕೂತು ಮಾತಾಡಿ, ಆದದ್ದನ್ನು ಲೋಕ ಅದಾಲತ್ತಿನಲ್ಲಿ ರಾಜಿ ಎಂದು ದಾಖಲಿಸೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ದೈವದ ಮಾತುಕತೆಯೂ ಇರಲಿ, ಕಾಯ್ದೆಯ ಮುದ್ರೆಯೂ ಇರಲಿ. ಈ ಸಲ ಅತ್ತೆ ಎಲ್ಲರ ಸರಿಸಮ ಕುರ್ಚಿಯಲ್ಲಿ ಕೂರಬೇಕು ಎಂಬುದು ನನ್ನ ಒಂದೇ ಷರತ್ತು.

ಅಪ್ಪ ಎರಡು ವಾರ ಫೋನ್ ಎತ್ತಲಿಲ್ಲ. ದೊಡ್ಡಪ್ಪನ ಹಿರಿಯ ಮಗ, "ಪುಣಾದಾಗ ಪಗಾರ ಬರತೈತಿ, ನಿನಗೇನು ದಾನಾ ಮಾಡಾಕ" ಎಂದ. ಅವನು ಹೇಳಿದ್ದರಲ್ಲಿ ನಿಜವಿದೆ. ಆ ಹೊಲದ ಮೇಲೆ ನನ್ನ ಅನ್ನ ಇಲ್ಲ, ಅವನ ಅನ್ನ ಇದೆ. ಬಿಡುವುದು ನನಗೆ ಸುಲಭ, ಅವನಿಗೆ ಕಷ್ಟ. ಇದಕ್ಕೆ ನನ್ನಲ್ಲಿ ಇನ್ನೂ ಸರಿಯಾದ ಉತ್ತರವಿಲ್ಲ. ಅವನ ಪಾಲಿನಿಂದ ಹೋಗುವುದರಲ್ಲಿ ಅರ್ಧವನ್ನು ನಮ್ಮದರಲ್ಲಿ ತುಂಬಿಕೊಡಬಹುದೇ ಎಂದು ಯೋಚಿಸುತ್ತಿದ್ದೇನೆ. ಹೆಂಡತಿ ಒಪ್ಪಿದ್ದಾಳೆ. ಅಪ್ಪನಿಗೆ ಇದನ್ನು 'ಗೆದ್ದವರಾರು' ಎಂಬ ಪ್ರಶ್ನೆಯಾಗಿ ನೋಡಬೇಡಿ ಎಂದು ಹೇಳುವುದೇ ದೊಡ್ಡ ಕೆಲಸ.

ಕಳೆದ ಗುರುವಾರ ಅಪ್ಪ ತಾವಾಗಿಯೇ ಫೋನ್ ಮಾಡಿದರು. ಕೇಸಿನ ಮಾತು ಬರಲಿಲ್ಲ. ಮೊಮ್ಮಗಳ ಪರೀಕ್ಷೆ, ಮೊಣಕಾಲು ನೋವು. ಇಡುವ ಮೊದಲು, "ಅಂವಾ ಇನ್ನೂ ಅಲ್ಲೇ ಚೀಲ ಹೊರತಾನೇನು?" ಎಂದು ಕಾಕಾನ ಬಗ್ಗೆ ಕೇಳಿದರು. ಹೌದು ಎಂದೆ. "ಅಂವಗ ಎಲ್ಲಾ ನೆನಪೈತಿ ಅಂದಿ?" ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ದೀಪಾವಳಿಗೆ ಬರತೀನಿ ಪುಣೆಕ್ಕ. ಅಂವನ್ನೂ ಒಮ್ಮೆ ಮನೀಗಿ ಊಟಕ್ಕ ಕರಿ" ಎಂದರು.

ಮುಂದಿನ ತಾರೀಖು ನವೆಂಬರಿನಲ್ಲಿದೆ. ಈ ಭಾನುವಾರ ಕಾಕಾಗೆ ಊಟದ ವಿಷಯ ಹೇಳಬೇಕು.